ಮೂರನೆಯ ತೆನೆ

ಸ್ವೀಡನ್ನಿನ ಸೋಡರ್‌ಟೆಲ್ಯೆಗೆ ಬಂದ ಮೊದಲ ಚಳಿಗಾಲ, ಕನ್ನಡವಿರಲಿ, ಯಾವ ಭಾಷೆಯಲ್ಲೂ ನನ್ನನ್ನು ಮಾತಾಡಿಸುವವರಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಚೆನ್ನಾಗಿ ನಗುತ್ತಿದ್ದರು, ಸಂಜೆಯಾದರೆ ಮಾಯವಾಗುತ್ತಿದ್ದರು. ಕೆಳಗಿನ ಮನೆಯ ಜರ್ಮನ್ ಅಜ್ಜ ಒಂದು ಭಾನುವಾರ ಫೀಕಾಗೆ, ಅಂದರೆ ಇಲ್ಲಿಯವರ ಕಾಫಿ-ತಿಂಡಿಗೆ, ಕರೆದಾಗ, ಕಾಫಿಗಿಂತ ಮಾತಿನ ಆಸೆಗೇ ಹೋದೆ.

ಅವರ ಗೋಡೆಯ ಮೇಲೆ ಬಣ್ಣ ಬಳಿದ ಮರದ ಗುರಾಣಿ, ಅದರ ಕೆಳಗೆ ಉರಿಯುವ ಮೇಣದಬತ್ತಿ. ಮನೆದೇವರಿರಬೇಕೆಂದು ಕೈಮುಗಿದೆ. ಅಜ್ಜ ಹೊಟ್ಟೆ ಹಿಡಿದುಕೊಂಡು ನಕ್ಕರು.

"ದೇವರಲ್ಲ, ನಮ್ಮೂರ ಪಂಚಾಯಿತಿ ಲಾಂಛನ," ಎಂದು ತಮ್ಮ ಅರೆಬರೆ ಇಂಗ್ಲಿಷಿನಲ್ಲಿ ವಿವರಿಸಿದರು. ನೀಲಿ ಅಲೆ ಅಲ್ಲಿಯ ಹೊಳೆ. ಚಕ್ರ ಹಳೆಯ ನೀರುಗಿರಣಿಯದು. ಮೂರು ಚಿನ್ನದ ತೆನೆಗಳು ಒಟ್ಟುಗೂಡಿದ ಮೂರು ಹಳ್ಳಿಗಳು. ಗುರಾಣಿಯ ಬಲಗಡೆ ಎಂದರೆ ಹಿಡಿದವನ ಬಲಗಡೆಯಂತೆ, ನೋಡುವವನದ್ದಲ್ಲ. ಹಾಗೆ ಎಣಿಸಿದರೆ ಮೂರನೆಯದು ಅವರ ಹಳ್ಳಿ. ಕಲ್ಲಿದ್ದಲಿಗಾಗಿ ಅದನ್ನು ಚರ್ಚು, ಬಾವಿ, ಸ್ಮಶಾನದ ಸಮೇತ ಅಗೆದುಬಿಟ್ಟಿದ್ದರು. ತೆನೆಯನ್ನು ಮಾತ್ರ ಯಾರೂ ತೆಗೆದಿರಲಿಲ್ಲ.

"ನಿಮ್ಮ ಕಡೆ ಏನಿದೆ?"

"ಗಂಡಭೇರುಂಡ. ಎರಡು ತಲೆಯ ಹಕ್ಕಿ."

"ಎರಡು ತಲೆ ಯಾಕೆ?"

ಚಿಕ್ಕಂದಿನಿಂದ ಸರ್ಕಾರಿ ಬಸ್ಸಿನ ಮೇಲೆ ಅದನ್ನು ನೋಡುತ್ತಲೇ ಬೆಳೆದ ನಾನು ತಲೆ ಕೆರೆದುಕೊಂಡೆ. ಆಮೇಲೆ ಪ್ರತಿ ಭಾನುವಾರವೂ ಹೋದೆ. ವಾರವಿಡೀ ನಾನು ಕಾಯುತ್ತಿದ್ದದ್ದು ಅದೊಂದಕ್ಕೇ.

ವಸಂತದಲ್ಲಿ ಜರ್ಮನಿಯ ಅವರ ಪಂಚಾಯಿತಿಯನ್ನು ಪಕ್ಕದ ಪಟ್ಟಣಕ್ಕೆ ಸೇರಿಸಿದರು. ಹೊಸ ಲಾಂಛನ ಬಂದಿದೆಯೆಂದು ಸುದ್ದಿ. ಅಜ್ಜನಿಗೆ ಕಣ್ಣು ಮಂದ. ನನ್ನ ಮೊಬೈಲಿನಲ್ಲಿ ಹುಡುಕಿಸಿದರು.

"ತೆನೆ ಎಷ್ಟಿದೆ?"

ಬಾಯಿಗೆ ಬಂದ ಸುಳ್ಳನ್ನು ನುಂಗಿಕೊಂಡೆ. "ಒಂದೂ ಇಲ್ಲ. ಹೊಳೆ ಮಾತ್ರ ಇದೆ."

ಅವರು ಕಾಫಿ ಜಗ್ಗು ಎತ್ತಿಕೊಂಡರು. "ಹೋಗ್ಲಿ ಬಿಡು, ಈಗ ನಿನಗೂ ಗೊತ್ತಲ್ಲ," ಎಂದು ನನಗೆ ಇನ್ನಷ್ಟು ಬಗ್ಗಿಸಿದರು.

ಎಲೆ ಉದುರುವ ಹೊತ್ತಿಗೆ ಅಜ್ಜ ತೀರಿಕೊಂಡರು. ಇಲ್ಲೇ ಹುಟ್ಟಿದ ಮಗ ಬಂದು ಮನೆ ಖಾಲಿ ಮಾಡಿದ. ಗುರಾಣಿ ಕಸದ ಕೋಣೆಯ ಬಾಗಿಲಿಗೆ ಒರಗಿತ್ತು. ಕೇಳಿದೆ. ತಗೊಳ್ಳಿ ಎಂದ. ಮೆಟ್ಟಿಲ ಮೇಲೆ ಅದನ್ನು ಅಪ್ಪಿಕೊಂಡು ಜೋರಾಗಿಯೇ ಅತ್ತೆ. ಯಾವ ಬಾಗಿಲೂ ತೆರೆಯಲಿಲ್ಲ.

ಈ ಯುಗಾದಿಗೆ ಇಲ್ಲಿಯ ಕನ್ನಡದವರನ್ನು ಊಟಕ್ಕೆ ಕರೆದಿದ್ದೆ. ಒಬ್ಬರು ಗೋಡೆ ನೋಡಿ, "ಸೂಪರ್ ಆಗಿದೆ ರೀ! ಯಾವ ಸೇಲಲ್ಲಿ ತಗೊಂಡ್ರಿ?" ಎಂದರು.

ನನಗೆ ಜೀವ ಬಂದಂತಾಯಿತು. ಹೊಳೆಯಿಂದಲೇ ಶುರು ಮಾಡಿದೆ. ಗಿರಣಿಯಾಯಿತು, ಮೊದಲ ತೆನೆಯಾಯಿತು. ಎರಡನೆಯದನ್ನು ಬೆರಳಿಟ್ಟು ತೋರಿಸಿ ತಿರುಗಿದರೆ, ಅವರು ಒಬ್ಬಟ್ಟು ಹಾಕಿಸಿಕೊಳ್ಳಲು ಹೋಗಿದ್ದರು.