ತಮ್ಮನ ಪಾಲು ಅಳಿಸಿದ ಮೇಲೆ

ಸ್ಟುಡಿಯೋ ಅಕ್ಕನಿಗೆ ಸಿಟ್ಟು ಬಂದರೆ ಕೈಗೆ ಪೊರಕೆ ಬರುತ್ತದೆ. ಗಂಡನ ಮೇಲೆ ಮುನಿದರೆ ಅಟ್ಟ ಸ್ವಚ್ಛ, ಗಿರಾಕಿ ತಲೆ ತಿಂದರೆ ಡ್ರಾಯರು ಸ್ವಚ್ಛ. ನಿನ್ನೆ ತಮ್ಮನ ಜೊತೆ ಜಗಳವಾಯಿತು. ಅವನಿಗೆ ಫೋಟೋ ಬೇಡ, ಮೂರು ಹೊತ್ತೂ ವಿಡಿಯೋ. "ನಿನ್ನ ಸ್ಟುಡಿಯೋ ನೀನೇ ಇಟ್ಕೋ" ಅಂತ ಬಾಗಿಲು ಬಡಿದು ಹೋದ. ಅಕ್ಕ ಸುಮ್ಮನಿರುವವಳೇ? ಇಬ್ಬರಿಗೂ ಇದ್ದದ್ದು ಒಂದೇ ಕಂಪ್ಯೂಟರ್, ಅದರ ಡಿಸ್ಕಿನಲ್ಲಿ ಅವಳದೊಂದು ಪಾಲು, ಅವನದೊಂದು. ಆನ್ ಮಾಡಿದರೆ ಯಾರ ಕಡೆ ಹೋಗಬೇಕು ಅಂತ ಕೇಳುತ್ತಿತ್ತು. ಒಳಗೇನಿದೆ ಅಂತಲೂ ನೋಡದೆ ಅವನ ಪಾಲನ್ನು ಅಳಿಸಿ, ಕೈ ಕೊಡವಿಕೊಂಡು ಮನೆಗೆ ಹೋದಳು.

ಇವತ್ತು ಆನ್ ಮಾಡಿದರೆ ಕಪ್ಪು ಪರದೆ. ಮೇಲೆ ಒಂದೇ ಸಾಲು ಇಂಗ್ಲಿಷು: ಅಂಥ ಪಾಲು ಇಲ್ಲವಂತೆ.

"ಇಲ್ಲ ಅಂತ ನನಗೂ ಗೊತ್ತು, ಅಳಿಸಿದ್ದೇ ನಾನು! ಮುಂದೆ ಹೋಗು!"

ಆಫ್ ಮಾಡಿದಳು, ಆನ್ ಮಾಡಿದಳು, ವೈರು ಕಿತ್ತು ಮತ್ತೆ ಚುಚ್ಚಿದಳು. ಅದೇ ಹಾಳು ಸಾಲು.

ಹೊರಗೆ ಸ್ಟೂಲಿನ ಮೇಲೆ ಬಡಗಿ ಕೂತಿದ್ದ. ಬೆಳಗಿನ ಜಾವ ಅವನ ತಾಯಿ ತೀರಿಕೊಂಡಿದ್ದಳು. ಹೋದ ತಿಂಗಳು ಆ ಮುದುಕಿ ಒಬ್ಬಳೇ ಬಂದು, ಬೊಚ್ಚು ಬಾಯಿ ತುಂಬ ನಕ್ಕು ಫೋಟೋ ತೆಗೆಸಿಕೊಂಡಿದ್ದಳು. ಅದು ಬಿಟ್ಟರೆ ಅವಳ ಮುಖ ಕಾಣುವ ಫೋಟೋ ಇನ್ನೊಂದಿಲ್ಲ. ಹೆಣ ಎತ್ತುವುದರೊಳಗೆ ಅದನ್ನು ದೊಡ್ಡದು ಮಾಡಿ ಕೊಡಬೇಕು.

"ಆಯ್ತೇನಕ್ಕಾ?"

"ಆಗ್ತಾ ಇದೆ, ಸ್ವಲ್ಪ ತಡಿಯಪ್ಪ," ಅಂದಳು. ಎಲ್ಲಿ ಆಗ್ತಾ ಇತ್ತು, ಮಣ್ಣಂಗಟ್ಟಿ!

ರಿಪೇರಿಯವನಿಗೆ ಫೋನ್ ಮಾಡಿದರೆ, "ಪೂರ್ತಿ ಅಳಿಸಿ ಹೊಸದಾಗಿ ಹಾಕೋಣ" ಅಂದ. "ನಿನ್ನ ತಲೆ!" ಅಂತ ಇಟ್ಟಳು. ಇನ್ನು ಉಳಿದವನು ಒಬ್ಬನೇ. ಅವನನ್ನು ಕೇಳುವುದಕ್ಕಿಂತ ಬಾವಿಗೆ ಬೀಳುವುದು ವಾಸಿ ಅನ್ನಿಸಿತು. ಹೊರಗೆ ಬಡಗಿ ತೋಳಿನಿಂದ ಕಣ್ಣು ಒರೆಸಿಕೊಂಡ. ಅಕ್ಕ ಹಲ್ಲು ಕಚ್ಚಿಕೊಂಡು ತಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದಳು.

"ನನ್ನ ಪಾಲು ಅಳಿಸಿದ್ಯಾ?"

"ಹೂಂ."

"ಎರಡು ಕಡೆಗೂ ದಾರಿ ತೋರಿಸೋದು ನನ್ನ ಪಾಲಲ್ಲೇ ಇತ್ತು ಕಣೇ. ನಿನ್ನ ಫೋಟೋಗಳಿಗೇನೂ ಆಗಿಲ್ಲ. ಡ್ರಾಯರಲ್ಲಿ ಕೆಂಪು ಪೆನ್‌ಡ್ರೈವ್ ಇದೆ, ಹಾಕು, ಅದೂ ದಾರಿ ತೋರಿಸುತ್ತೆ."

ಡ್ರಾಯರನ್ನೂ ಸ್ವಚ್ಛ ಮಾಡಿಯಾಗಿತ್ತಲ್ಲ! ಪೆನ್‌ಡ್ರೈವ್ ಕಸದ ಬುಟ್ಟಿಯ ತಳದಲ್ಲಿ ಸಿಕ್ಕಿತು. ಅವನು ಒಂದೊಂದೇ ಅಕ್ಷರ ಹೇಳಿದ, ಇವಳು ಒತ್ತಿದಳು.

"ತಪ್ಪು ಅಂತಿದೆಯಲ್ಲೋ!"

"ಕಣ್ಣು ಎಲ್ಲಿಟ್ಟಿದ್ದೀಯ? ಮಧ್ಯೆ ಜಾಗ ಬಿಡು."

"ನಿನ್ನ ಉಪದೇಶ ಬೇಡ, ಮುಂದೆ ಹೇಳು."

ಕೊನೆಗೂ ಅವಳ ಪಾಲು ತೆರೆದುಕೊಂಡಿತು. ಮುದುಕಿ ಪರದೆ ತುಂಬ ನಕ್ಕಳು. ಪ್ರಿಂಟರು ಗರ್ ಎಂದಿತು.

"ಬಂತು ಕಣೋ!"

ಆ ಕಡೆಯಿಂದ ತಮ್ಮ ಹೇಳಿದ: "ಅಕ್ಕ, ಅಮ್ಮ ನಿನ್ನ ಬೈತಾ ಬೈತಾ ನಗೋ ವಿಡಿಯೋ ನನ್ನ ಪಾಲಲ್ಲಿತ್ತು. ಬೇರೆ ಎಲ್ಲೂ ಇಲ್ಲ."

ಅಮ್ಮ ಹೋದ ಮೇಲೆ ಆ ಧ್ವನಿ ಅಕ್ಕನ ಕಿವಿಗೆ ಬಿದ್ದಿಲ್ಲ.

"ಇನ್ನು ಏನನ್ನೂ ಮುಟ್ಟಬೇಡ. ಅಳಿಸಿದ ಜಾಗದ ಮೇಲೆ ಬೇರೇನೂ ಬೀಳದಿದ್ರೆ ಸಿಕ್ಕರೂ ಸಿಗಬಹುದು. ಬಂದೆ, ಇರು."

ಬಡಗಿ ಫೋಟೋವನ್ನು ಎದೆಗವಚಿಕೊಂಡು ಹೋದ. ಅಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಗಿಲ ಕಡೆ ನೋಡುತ್ತಾ ಕೂತಳು.