ಬಾರ್ಲಿ ಎಲಿವೇಟರ್ ವಾಲಿದ ವಾರ

ಹನ್ನೊಂದು ವರ್ಷಗಳ ಹಿಂದೆ ನಾನು ಫ್ರೀಮಾಂಟಿನ ಸಣ್ಣ ಕಂಪನಿಯೊಂದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್ ಆಗಿದ್ದೆ. ಹಳೆಯ ಕಟ್ಟಡಗಳನ್ನು ಪರೀಕ್ಷಿಸಿ, ಉಳಿಸಬಹುದೇ ಕೆಡವಬೇಕೇ ಎಂದು ವರದಿ ಬರೆಯುವುದು ನನ್ನ ಕೆಲಸ. ಆ ಬೇಸಿಗೆಯಲ್ಲಿ ಅಲ್ಲಿಗೆ ಹತ್ತಿರದ ಡಬ್ಲಿನ್ ಪಟ್ಟಣ ದಾಟಿ ಪೂರ್ವಕ್ಕಿರುವ ಸಣ್ಣ ಊರೊಂದರ ಗ್ರೇನ್ ಎಲಿವೇಟರ್ ನನ್ನ ಪಾಲಿಗೆ ಬಂತು. ಎಲಿವೇಟರ್ ಎಂದರೆ ಲಿಫ್ಟ್ ಅಲ್ಲ. ಬಾರ್ಲಿಯನ್ನು ಬೆಲ್ಟಿನ ಬಕೆಟ್ಟುಗಳಲ್ಲಿ ಮೇಲೆತ್ತಿ, ರೈಲು ಬರುವವರೆಗೆ ತುಂಬಿಡುತ್ತಿದ್ದ ಎತ್ತರದ ಮರದ ಕಣಜ. ಒಳಗೆ ಧಾನ್ಯ ತುಂಬುವ ನಾಲ್ಕು ಮರದ ಕೋಣೆಗಳು, ಅಂದರೆ ಬಿನ್ನುಗಳು; ಪೂರ್ವಕ್ಕೆರಡು, ಪಶ್ಚಿಮಕ್ಕೆರಡು. ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ನಾಲ್ಕರಲ್ಲೂ ಅರ್ಧದಷ್ಟು ಬಾರ್ಲಿ ಉಳಿದು ಮುಗ್ಗಿತ್ತು.

ಊರಿನವರಿಗೆ ಅದನ್ನು ಮ್ಯೂಸಿಯಂ ಮಾಡುವ ಆಸೆ. ಅಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತರಾದ ಮ್ಯಾನುಯೆಲ್ ಬೀಗದ ಕೈ ಇಟ್ಟುಕೊಂಡಿದ್ದರು. ನೋಡಲು ಬರುವ ಮಕ್ಕಳಿಗೆ ಏನೇನು ತೋರಿಸಬೇಕೆಂದು ಪಟ್ಟಿಯನ್ನೂ ಬರೆದು ಜೇಬಿನಲ್ಲಿಟ್ಟುಕೊಂಡಿದ್ದರು.

ಧೂಳಿಗೆ ಬೆಂಕಿ ಹಿಡಿಯುವ ಭಯವಿದ್ದುದರಿಂದ ಮೊದಲು ಬಾರ್ಲಿ ತೆಗೆಸಬೇಕಿತ್ತು. ಶುಕ್ರವಾರ ಧಾನ್ಯ ಹೀರುವ ವ್ಯಾಕ್ಯೂಮ್ ಟ್ರಕ್ಕು ಬಂತು. ಪೂರ್ವದ ಕಡೆ ರೈಲ್ವೆಯವರ ಜಾಗ; ಅಲ್ಲಿ ಟ್ರಕ್ಕು ನಿಲ್ಲಿಸಲು ಅನುಮತಿ ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಅಂದು ಪಶ್ಚಿಮದ ಬಿನ್ನುಗಳನ್ನಷ್ಟೇ ಖಾಲಿ ಮಾಡಬಹುದಿತ್ತು.

ಊಟದ ಹೊತ್ತಿಗೆ ಮ್ಯಾನುಯೆಲ್ ಬಂದು ಇಂಗ್ಲಿಷಿನಲ್ಲಿ, "ಮೇಡಂ, ನಾವು ಯಾವತ್ತೂ ಒಂದೇ ಕಡೆ ಖಾಲಿ ಮಾಡಿದವರಲ್ಲ. ಈ ಕಡೆ ಒಂದಡಿ ಇಳಿಸಿದರೆ ಆ ಕಡೆಯೂ ಒಂದಡಿ. ಗೋಡೆಗಳನ್ನು ಹಿಡಿದುಕೊಂಡಿರೋದು ಬಾರ್ಲಿ" ಎಂದರು.

ನಾನು ಸಹೋದ್ಯೋಗಿ, ಗದಗಿನ ಬಸವರಾಜನ ಮುಖ ನೋಡಿದೆ.

"ಅಕ್ಕಾರ, ಇವತ್ತ ಟ್ರಕ್ ವಾಪಸ್ ಕಳಿಸಿದ್ರ ಮತ್ತ ಯಾವಾಗ ಸಿಗತೈತೋ ಏನೋ. ನಿಮ್ಮ ಲೆಕ್ಕದಾಗ ಗ್ವಾಡಿ ನಿಲ್ತಾವೋ ಇಲ್ಲೋ?"

"ನಿಲ್ಲತ್ತೆ ಕಣಪ್ಪ."

"ಮತ್ತ್ಯಾಕ ಚಿಂತಿ? ಈ ಅಜ್ಜಾರು ಹೆಂಡ್ತೀದೂ ಇಷ್ಟು ಕಾಳಜಿ ಮಾಡಿರ್ಲಿಕ್ಕಿಲ್ಲ ಬಿಡ್ರಿ!"

ನನಗೂ ನಗು ಬಂತು. ಪಶ್ಚಿಮದ ಎರಡು ಬಿನ್ನು ಖಾಲಿ ಮಾಡಲು ಸಹಿ ಹಾಕಿದೆ. ಮರದ ಬಲವನ್ನು ಲೆಕ್ಕ ಹಾಕಿದ್ದೆ. ಒಳಗಿನ ಧಾನ್ಯವನ್ನು ಬರೀ ಭಾರವೆಂದು ಎಣಿಸಿದ್ದೆ.

ಸೋಮವಾರ ಬೆಳಿಗ್ಗೆ ಮ್ಯಾನುಯೆಲ್ ಕೀ ತಿರುಗಿಸಿದರು. ಬೀಗ ತೆರೆಯಿತು, ಬಾಗಿಲು ಅಲುಗಲಿಲ್ಲ. ಚೌಕಟ್ಟೇ ಸೊಟ್ಟಗಾಗಿತ್ತು. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದರೆ ಗೋಡೆ ಏಳು ಇಂಚು ಪಶ್ಚಿಮಕ್ಕೆ ವಾಲಿತ್ತು. ಪೂರ್ವದ ಬಿನ್ನುಗಳಲ್ಲಿ ಉಳಿದಿದ್ದ ಬಾರ್ಲಿ ಖಾಲಿ ಬಿನ್ನುಗಳ ಕಡೆಗೆ ಒತ್ತುತ್ತಲೇ ಇತ್ತು. ಅದನ್ನು ತೆಗೆಸಲು ಒಳಗೆ ಯಾರನ್ನೂ ಕಳಿಸುವಂತಿರಲಿಲ್ಲ. ಕೆಡವಬೇಕೆಂಬ ವರದಿಯನ್ನು ನಾನೇ ಬರೆದೆ. ಒಂಬತ್ತನೆಯ ದಿನ ಯಂತ್ರ ಬಂತು.

ಮ್ಯಾನುಯೆಲ್ ಬೇಲಿಯ ಹೊರಗೆ ನಿಂತಿದ್ದರು. "ನಾನು ಹೇಳಿದ್ದನ್ನು ನೀವು ಬರೆದುಕೊಂಡಿರಲ್ಲ?" ಎಂದು ಕೇಳಿದರು.

ಬರೆದುಕೊಂಡಿದ್ದೆ, ನನ್ನ ದಿನಚರಿಯಲ್ಲಿ. ಆ ಶುಕ್ರವಾರದ ಪುಟ ಈಗಲೂ ಇದೆ: ‘ಚಿತ್ರಾನ್ನಕ್ಕೆ ಉಪ್ಪು ಕಡಿಮೆ. ಮ್ಯಾನುಯೆಲ್: ಎರಡೂ ಕಡೆ ಸಮ ಇಳಿಸಬೇಕಂತೆ.’ ವರದಿಯಲ್ಲಿ ಆ ಸಾಲಿಲ್ಲ.

ಅಂದಿನಿಂದ ನನ್ನ ವರದಿಗಳ ಮೊದಲ ಪುಟ ಆ ಕಟ್ಟಡದಲ್ಲಿ ದುಡಿದವರ ಮಾತಿಗೆ ಮೀಸಲು. ಕೆಲಸ ಕಲಿಸಿದ್ದು ಇಷ್ಟು, ಅದೂ ತಡವಾಗಿ. ಎಲಿವೇಟರ್ ಇದ್ದ ಜಾಗದಲ್ಲಿ ಈಗ ಪಾರ್ಕಿಂಗ್ ಲಾಟು. ಮ್ಯಾನುಯೆಲ್ ಜೇಬಿನಲ್ಲಿದ್ದ ಆ ಪಟ್ಟಿಯನ್ನು ಏನು ಮಾಡಿದರೋ, ಕೇಳುವ ಧೈರ್ಯ ನನಗೆ ಬರಲಿಲ್ಲ.