ಹಸಿರು ಗುಂಡುಸೂಜಿ

ಲೋಕೋಪಯೋಗಿ ಕಚೇರಿಯಲ್ಲಿ ಅವಳನ್ನು ಗುಂಡುಸೂಜಿಯಮ್ಮ ಎಂದೇ ಕರೆಯುತ್ತಿದ್ದರು. ಗೋಡೆಯ ನಕ್ಷೆಯಲ್ಲಿ ನಡೆಯುತ್ತಿರುವ ಕಾಮಗಾರಿಗೆ ಹಳದಿ ಸೂಜಿ, ನಿಂತದ್ದಕ್ಕೆ ಕೆಂಪು, ಮುಗಿದದ್ದಕ್ಕೆ ಹಸಿರು ಚುಚ್ಚುವುದು ಅವಳ ಇಪ್ಪತ್ತೆಂಟು ವರ್ಷದ ಕೆಲಸ. ಎಂಜಿನಿಯರರ ಪತ್ರ ಬಂದರೆ ಸೂಜಿ ಬದಲಾಗುತ್ತಿತ್ತು. ಸ್ಥಳಕ್ಕೆ ಹೋಗಿ ನೋಡುವ ಪದ್ಧತಿ ಇರಲಿಲ್ಲ.

ಹಾಜರಿ ಪುಸ್ತಕವೂ ಅವಳ ಕೈಯಲ್ಲೇ. ಕಸ ಗುಡಿಸುವವಳು ದಿನವೂ ತಡ.

"ಹಳ್ಳ ಸುತ್ತಿ ಬರ್ಬೇಕಲ್ಲಮ್ಮ."

"ಕಾಲುಸೇತುವೆ ಆಗಿ ಆರು ವರ್ಷ ಆಯ್ತು. ಕುಣಿಯಲಾರದವಳಿಗೆ ನೆಲ ಡೊಂಕಂತೆ!"

"ನಿಮ್ಮ ಗೋಡೆ ಮೇಲೆ ಆಗಿರ್ಬೇಕು. ಗೋಡೆ ಮೇಲೆ ನಡೆಯೋಕೆ ನಾನೇನು ಹಲ್ಲೀನಾ?"

ಈ ಉದ್ಧಟತನಕ್ಕೆ ಗುಂಡುಸೂಜಿಯಮ್ಮ ಅವಳನ್ನು ಕೆಲಸದಿಂದ ತೆಗೆಯುವ ಪತ್ರ ಬರೆದು ಸಾಹೇಬರ ಸಹಿಗೆ ಇಟ್ಟಳು.

ಅದೇ ವಾರ ಹೊಸ ತಂತ್ರಾಂಶ ಬಂತು. ಎಲ್ಲ ಯೋಜನೆಗಳೂ ಒಂದೇ ಪರದೆಯಲ್ಲಿ. ಫೋನು ಬಳಸಬಲ್ಲವರು ಅದನ್ನೂ ಬಳಸಬಹುದಾಗಿತ್ತು. ಒಂದೇ ಹಟ ಅದಕ್ಕೆ: 'ಮುಗಿದಿದೆ' ಎಂದು ಒತ್ತಿದರೆ ಕಾಮಗಾರಿಯ ಚಿತ್ರ ಕೇಳುತ್ತಿತ್ತು. ಮೊದಲಿಗೆ ತುಂಬಬೇಕಿದ್ದ ಕಾಲುಸೇತುವೆಯ ಚಿತ್ರ ಕಡತದಲ್ಲಿರಲಿಲ್ಲ. ತೆಗೆಯಲು ಗುಂಡುಸೂಜಿಯಮ್ಮನೇ ಹೊರಟಳು.

ಹಳ್ಳದ ಆಚೆ ಒಂದು ಕಂಬ, ಈಚೆ ಒಂದು. ನಡುವೆ ಏನೂ ಇಲ್ಲ. ಕಂಬದ ನೆತ್ತಿಯ ಕಂಬಿಗಳಿಗೆ ಯಾರೋ ಬಟ್ಟೆ ಒಣಹಾಕಿದ್ದರು. ಜಾಗ ತಪ್ಪಿರಬೇಕೆಂದು ದಡದಲ್ಲಿ ಎರಡು ಸಲ ಅತ್ತಿತ್ತ ನಡೆದಳು. ತಪ್ಪಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ. ಇವಳು ಕಾಣದೆಯೇ ಪ್ರಮಾಣ ಮಾಡಿದ್ದಳು.

ಕಚೇರಿಗೆ ಮರಳಿ ಸಾಹೇಬರಿಗೆ ಹೇಳಿದರೆ ಅವರು ತಲೆ ಎತ್ತಲಿಲ್ಲ. "ಬೇರೆ ಯಾವ್ದಾದ್ರೂ ಸೇತುವೆದು ಹಾಕಮ್ಮ. ಸೇತುವೆಗೇನು ಮುಖ ಇರುತ್ತಾ ಗುರುತು ಹಿಡಿಯೋಕೆ?"

"ಆ ಗುಡಿಸುವವಳ ಪತ್ರ, ಸಾರ್?"

"ಇಲ್ಲೇ ಇದೆ. ಸಹಿ ಹಾಕ್ತೀನಿ ಬಿಡಮ್ಮ."

ಅವಳು ಆ ಪತ್ರವನ್ನು ಮೇಜಿನಿಂದ ಎತ್ತಿಕೊಂಡು ಅವರೆದುರೇ ಹರಿದಳು. ತನ್ನ ಜಾಗಕ್ಕೆ ಬಂದು ಎರಡು ಕಂಬಗಳ ಚಿತ್ರ ಹಾಕಿ 'ನಿಂತಿದೆ' ಒತ್ತಿದಳು. ಮೇಲಧಿಕಾರಿಗಳ ಪರದೆಗಳಲ್ಲೂ ಆ ಕ್ಷಣವೇ ಕೆಂಪು ಮೂಡಿರಬೇಕು; ಸಾಹೇಬರ ಫೋನು ಬಡಿದುಕೊಳ್ಳತೊಡಗಿತು.

ಗುಡಿಸುವವಳು ಪೊರಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಹೋಗಿ ನೋಡಿದೆ ಕಣೇ. ಸೇತುವೆ ಇಲ್ಲ."

"ಆರು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೆ, ಅಮ್ಮಾ."

ಗುಂಡುಸೂಜಿಯಮ್ಮ ನಕ್ಷೆಯಿಂದ ಆ ಹಸಿರು ಸೂಜಿಯನ್ನು ಕಿತ್ತಳು. ಪಕ್ಕದಲ್ಲಿ ಶಾಲೆಯ ಕೊಠಡಿಗಳು, ನೀರಿನ ತೊಟ್ಟಿಗಳು, ಇನ್ನೂ ಮುನ್ನೂರಕ್ಕೂ ಹೆಚ್ಚು ಹಸಿರು ಸೂಜಿಗಳಿದ್ದವು. ಅವುಗಳಲ್ಲಿ ಒಂದನ್ನೂ ಅವಳು ಕಣ್ಣಾರೆ ಕಂಡಿರಲಿಲ್ಲ. ಕೂರಲೆಂದು ಕುರ್ಚಿಗಾಗಿ ಹಿಂದಕ್ಕೆ ಕೈ ಚಾಚಿದಳು.